ಥಿನ್ ಫಿಲ್ಮ್ ಸೋಲಾರ್ ಅಂದರೆ ಎಂತ? ಅಂಗಡಿ ಮಾಡಿಗೆ ಹಾಕುವ ಮೊದಲು ಗೊತ್ತಿರಬೇಕಾದ ವಿಷಯ

ಬಂಟ್ವಾಳ/ಬೆಳ್ತಂಗಡಿ/ಮೂಡುಬಿದಿರೆ: ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿರುವ ಕ್ಯಾಲ್ಕುಲೇಟರನ್ನು ಒಮ್ಮೆ ನೋಡಿ. ಮೇಲ್ಗಡೆ ಕಂದುಗಪ್ಪು ಬಣ್ಣದ ಒಂದು ಸಣ್ಣ ಗಾಜಿನ ತುಂಡು, ಅದರಲ್ಲಿ ನಾಲ್ಕು ಪಟ್ಟಿ. ಟ್ಯೂಬ್‌ಲೈಟಿನ ಬೆಳಕಿಗೇ ಕೂಡಿಸಿ ಕಳೆಯುವಷ್ಟು ಕರೆಂಟ್ ಕೊಡುವ ಆ ತುಂಡೇ ಥಿನ್ ಫಿಲ್ಮ್ ಸೋಲಾರ್. (ತೀರಾ ಅಗ್ಗದ ಕೆಲವು ಕ್ಯಾಲ್ಕುಲೇಟರ್‌ಗಳಲ್ಲಿ ಅದು ಬರೀ ಬಣ್ಣದ ಪ್ಲಾಸ್ಟಿಕ್, ಕೆಲಸ ಮಾಡುವುದು ಒಳಗಿನ ಬ್ಯಾಟರಿ. ಅದು ಬೇರೆ ಕಥೆ.) 1980ರ ದಶಕದಿಂದಲೇ ಈ ತಂತ್ರಜ್ಞಾನ ಅಂಗಡಿಯ ಒಳಗೆ ಉಂಟು. ಆದರೆ ಅಂಗಡಿಯ ಮಾಡಿನ ಮೇಲೆ ಅದು ಕಾಣಸಿಗುವುದು ಅಪರೂಪ. ಅಲ್ಲಿರುವುದು ಹೆಚ್ಚಾಗಿ ಚೌಕ ಚೌಕ ಬಿಲ್ಲೆ ಜೋಡಿಸಿದ, ಸ್ಫಟಿಕ ಸಿಲಿಕಾನಿನ ಮಾಮೂಲಿ ಪ್ಯಾನೆಲ್.

ಈಗ ಮೊಬೈಲ್ ತೆರೆದರೆ ಆನ್‌ಲೈನ್ ಜಾಹೀರಾತುಗಳಲ್ಲಿ ‘ತೆಳು ಪ್ಯಾನೆಲ್’, ‘ಮಡಚುವ ಪ್ಯಾನೆಲ್’, ‘ಶೀಟಿಗೆ ಅಂಟಿಸಿದರೆ ಸಾಕು’, ‘ಮಳೆಗಾಲದಲ್ಲೂ ಫುಲ್ ಕರೆಂಟ್’ ಎಂಬ ಮಾತುಗಳು ಧಾರಾಳ. ಸ್ಲ್ಯಾಬ್ ಇಲ್ಲದ, ತಗಡಿನ ಶೀಟ್ ಹಾಕಿದ ಅಂಗಡಿಯವರಿಗೆ ಇದು ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಹಾಗಾದರೆ ಥಿನ್ ಫಿಲ್ಮ್ ಈಗ ನಿಜವಾಗಿ ಯಾರು ತಯಾರಿಸುತ್ತಾರೆ, ಎಲ್ಲಿಗೆ ಹೋಗುತ್ತದೆ, ನಮ್ಮ ಪೇಟೆಗೆ ಬರುವುದು ಅದುವೇನಾ?

ಈ ಪ್ರಶ್ನೆ ಮನೆಯವರಿಗಿಂತ ಅಂಗಡಿಯವರಿಗೆ ಹೆಚ್ಚು ಮುಖ್ಯ. ಯಾಕೆಂದರೆ 2023ರಲ್ಲಿ ಶುರುವಾದ ಗೃಹಜ್ಯೋತಿ ಮನೆಗೆ ಮಾತ್ರ. ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಸೊನ್ನೆ ಬಿಲ್. ಅಂಗಡಿಗೆ ಆ ಭಾಗ್ಯ ಇಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ತಂದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿಯೂ ವಾಸದ ಮನೆಗಳಿಗೇ: ಮೊದಲ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30 ಸಾವಿರ ರೂ., ಮೂರನೇ ಕಿಲೋವ್ಯಾಟ್‌ಗೆ 18 ಸಾವಿರ, ಒಟ್ಟು ಹೆಚ್ಚೆಂದರೆ 78 ಸಾವಿರ. ಫ್ರಿಜ್, ಡೀಪ್ ಫ್ರೀಜರ್, ಹಿಟ್ಟಿನ ಗಿರಣಿ, ಝೆರಾಕ್ಸ್ ಮೆಷಿನ್ ಇಟ್ಟುಕೊಂಡು ವಾಣಿಜ್ಯ ದರದ ಬಿಲ್ ಕಟ್ಟುವವರು ಸೋಲಾರ್ ಹಾಕುವುದಾದರೆ ಪೂರ್ತಿ ದುಡ್ಡು ಕೈಯಿಂದಲೇ. ಮಾಲು ತಪ್ಪಿದರೆ ನಷ್ಟವೂ ಪೂರ್ತಿ ಅವರದ್ದೇ.

ಒಂದು ಸಣ್ಣ ಗೊಂದಲವನ್ನು ಇಲ್ಲೇ ಬಗೆಹರಿಸುವುದು ಒಳ್ಳೆಯದು. ನಮ್ಮ ಊರುಗಳಲ್ಲಿ ‘ಸೋಲಾರ್’ ಎಂದರೆ ಮೂರು ಬಗೆ. ಸ್ನಾನದ ಬಿಸಿನೀರಿನದ್ದು ಒಂದು. ಅಡಿಕೆ ಒಣಗಿಸಲು ಅಂಗಳಕ್ಕೆ ಪ್ಲಾಸ್ಟಿಕ್ ಹೊದೆಸಿ ಮಾಡುವ ಗೂಡು ಇನ್ನೊಂದು. ಎರಡರಲ್ಲೂ ಬಿಸಿಲಿನ ಶಾಖ ಮಾತ್ರ ಬಳಕೆ, ಕರೆಂಟ್ ಹುಟ್ಟುವುದಿಲ್ಲ. ಮೂರನೆಯದು ಕರೆಂಟಿನದ್ದು, ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ.

ಬಿಲ್ಲೆ ಒಂದು, ಲೇಪ ಇನ್ನೊಂದು

ಮಾಮೂಲಿ ಪ್ಯಾನೆಲ್‌ನಲ್ಲಿ ಸಿಲಿಕಾನಿನ ಗಟ್ಟಿಯನ್ನು ಹಪ್ಪಳದ ಹಾಗೆ ಕೊಯ್ದು ಬಿಲ್ಲೆ ಮಾಡುತ್ತಾರೆ. ಎಷ್ಟು ತೆಳ್ಳಗೆ ಕೊಯ್ದರೂ ಒಂದು ಬಿಲ್ಲೆ ಕೂದಲಿನ ದಪ್ಪಕ್ಕಿಂತ ಹೆಚ್ಚೇ ಇರುತ್ತದೆ. ಬಿಲ್ಲೆಗಳನ್ನು ತಂತಿಯಿಂದ ಪೋಣಿಸಿ, ಮೇಲೆ ಗಾಜು, ಹಿಂದೆ ಶೀಟ್, ಸುತ್ತ ಅಲ್ಯುಮಿನಿಯಂ ಚೌಕಟ್ಟು.

ಥಿನ್ ಫಿಲ್ಮ್‌ನಲ್ಲಿ ಕೊಯ್ಯುವ ಕೆಲಸವೇ ಇಲ್ಲ. ಗಾಜಿನ ಮೇಲೆ ಕರೆಂಟ್ ಹುಟ್ಟಿಸುವ ವಸ್ತುವನ್ನು ಆವಿಯ ರೂಪದಲ್ಲಿ ಹಾಯಿಸಿ ಲೇಪ ಕೊಡುತ್ತಾರೆ, ಕಾವಲಿಗೆ ನೀರುದೋಸೆ ಹಿಟ್ಟು ಹೊಯ್ದಂತೆ. ಲೇಪದ ದಪ್ಪ ಕೆಲವೇ ಮೈಕ್ರಾನ್, ಕೂದಲಿನ ಇಪ್ಪತ್ತನೇ ಒಂದು ಪಾಲಿಗಿಂತ ಹೆಚ್ಚಿಲ್ಲ. ಆಮೇಲೆ ಲೇಸರ್‌ನಿಂದ ಉದ್ದುದ್ದ ಗೀರಿ ಪಟ್ಟಿಗಳಾಗಿ ಬೇರ್ಪಡಿಸುತ್ತಾರೆ. ಕ್ಯಾಲ್ಕುಲೇಟರಿನ ನಾಲ್ಕು ಪಟ್ಟಿ ಹೀಗೆ ಬಂದದ್ದು.

ಲೇಪ ಯಾವುದರದ್ದು ಎಂಬುದರ ಮೇಲೆ ಜಾತಿ ನಿರ್ಧಾರ. ಕ್ಯಾಲ್ಕುಲೇಟರಿನಲ್ಲಿ ಇರುವುದು ಅಮಾರ್ಫಸ್ ಸಿಲಿಕಾನ್, ಅಂದರೆ ಸ್ಫಟಿಕವಾಗಿ ಕಟ್ಟದ ಸಿಲಿಕಾನ್. ಎರಡನೆಯದು ಕ್ಯಾಡ್ಮಿಯಂ ಟೆಲ್ಯುರೈಡ್. ಮೂರನೆಯದರಲ್ಲಿ ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ನಾಲ್ಕೂ ಸೇರಿರುವುದರಿಂದ ಅದನ್ನು ಸಿಗ್ಸ್ ಎನ್ನುತ್ತಾರೆ. ನಾಲ್ಕನೆಯದು ಪೆರೋವ್‌ಸ್ಕೈಟ್, ಇದು ಇನ್ನೂ ಹೊಸ ಕೂಸು.

ತೆಳು ಎಂದ ಮಾತ್ರಕ್ಕೆ ಹಗುರ ಅಲ್ಲ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ತೆಳು ಇರುವುದು ಒಳಗಿನ ಲೇಪ ಮಾತ್ರ. ಮಾರುಕಟ್ಟೆಯಲ್ಲಿ ಗೆದ್ದಿರುವ ಕ್ಯಾಡ್ಮಿಯಂ ಟೆಲ್ಯುರೈಡ್ ಪ್ಯಾನೆಲ್‌ನಲ್ಲಿ ಆ ಲೇಪವನ್ನು ಎರಡು ಗಾಜುಗಳ ನಡುವೆ ಇಟ್ಟು ಸೀಲ್ ಮಾಡಿರುತ್ತಾರೆ. ತೂಕ ಚದರ ಮೀಟರ್‌ಗೆ ಸುಮಾರು 14 ಕಿಲೋ. ಹಿಂದೆ ಶೀಟ್ ಇರುವ ಮಾಮೂಲಿ ಪ್ಯಾನೆಲ್ 11 ಕಿಲೋ ಆಸುಪಾಸು. ಅಂದರೆ ಹಳೇ ಶೀಟ್ ಮಾಡು ಭಾರ ತಡೆಯುವುದಿಲ್ಲ ಎಂದು ಥಿನ್ ಫಿಲ್ಮ್ ಹುಡುಕುವವರಿಗೆ ಅಸಲಿ ಥಿನ್ ಫಿಲ್ಮ್ ಇನ್ನೂ ಭಾರ.

ಗೆಲ್ಲಬೇಕಿದ್ದದ್ದು ಸೋತದ್ದು ಹೇಗೆ

2008ರ ಹೊತ್ತಿಗೆ ಪ್ಯಾನೆಲ್‌ಗೆ ಬೇಕಾದ ಶುದ್ಧ ಸಿಲಿಕಾನಿಗೆ ಜಗತ್ತಿನಲ್ಲೇ ಬರ ಬಂದಿತ್ತು. ಕಿಲೋಗೆ 400 ಡಾಲರ್ ದಾಟಿತು. ಆಗ ಎಲ್ಲರ ಕಣ್ಣು ಬಿದ್ದದ್ದು ಸಿಲಿಕಾನ್ ಬೇಡದ, ಅಥವಾ ಚೂರೇ ಸಾಕಾಗುವ ಥಿನ್ ಫಿಲ್ಮ್ ಮೇಲೆ. 2009ರಲ್ಲಿ ಜಗತ್ತಿನ ಒಟ್ಟು ಉತ್ಪಾದನೆಯಲ್ಲಿ ಅದರ ಪಾಲು ಆರನೇ ಒಂದರ ಹತ್ತಿರಕ್ಕೆ ಬಂತು. ಒಂದು ವ್ಯಾಟ್ ಪ್ಯಾನೆಲ್ ತಯಾರಿಕೆಯ ಖರ್ಚನ್ನು ಒಂದು ಡಾಲರಿಗಿಂತ ಕೆಳಗೆ ಮೊದಲು ಇಳಿಸಿದ್ದೂ ಥಿನ್ ಫಿಲ್ಮ್ ಕಂಪನಿಯೇ, ಅಮೆರಿಕದ ಫಸ್ಟ್ ಸೋಲಾರ್.

ಆಮೇಲೆ ಚೀನಾದಲ್ಲಿ ಸಿಲಿಕಾನ್ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. ಬರ ಹೋಗಿ ಪ್ರವಾಹ ಬಂತು. 2010ರ ಹೊತ್ತಿಗೆ ವ್ಯಾಟಿಗೆ 2 ಡಾಲರ್ ಹತ್ತಿರ ಇದ್ದ ಮಾಮೂಲಿ ಪ್ಯಾನೆಲ್ 2024ರಲ್ಲಿ ಚೀನಾದ ಕಾರ್ಖಾನೆ ಬಾಗಿಲಲ್ಲಿ 10 ಸೆಂಟ್ ಆಸುಪಾಸಿಗೆ ಇಳಿಯಿತು. ಅಡಿಕೆಗೆ ರೇಟ್ ಇದ್ದಾಗ ಗದ್ದೆಯನ್ನೆಲ್ಲ ತೋಟ ಮಾಡಿ, ಫಸಲು ಬರುವಾಗ ರೇಟ್ ಬಿದ್ದರೆ ಆಗುವ ಪಾಡು ನಮ್ಮವರಿಗೆ ಯಾರೂ ವಿವರಿಸಬೇಕಾಗಿಲ್ಲ. ಥಿನ್ ಫಿಲ್ಮ್ ಕಂಪನಿಗಳಿಗೆ ಆದದ್ದು ಅದೇ.

ಅಮೆರಿಕದ ಸೊಲಿಂಡ್ರಾ ಸಿಗ್ಸ್ ಲೇಪವನ್ನು ಕೊಳವೆಗಳ ಮೇಲೆ ಹಾಕುತ್ತಿತ್ತು. ಸರಕಾರದ 53.5 ಕೋಟಿ ಡಾಲರ್ ಸಾಲ ಖಾತರಿ ಪಡೆದು 2011ರಲ್ಲಿ ದಿವಾಳಿ ಎದ್ದಿತು. ಚೀನಾದ ಹನರ್ಜಿ ಬೇರೆ ಬೇರೆ ದೇಶಗಳ ಥಿನ್ ಫಿಲ್ಮ್ ಕಂಪನಿಗಳನ್ನು ಖರೀದಿಸಿ ದೊಡ್ಡ ಸಾಮ್ರಾಜ್ಯ ಕಟ್ಟಲು ಹೊರಟಿತು. 2015ರ ಮೇ 20ರಂದು ಹಾಂಗ್‌ಕಾಂಗ್ ಷೇರುಪೇಟೆಯಲ್ಲಿ ಅದರ ಷೇರು ಗಂಟೆಯೊಳಗೆ ಅರ್ಧದಷ್ಟು ಕುಸಿಯಿತು, ಮತ್ತೆ ಮೇಲೇಳಲಿಲ್ಲ. ಸಿಗ್ಸ್ ಜಾತಿಯ ಪ್ಯಾನೆಲ್‌ನಲ್ಲಿ ದೊಡ್ಡ ಹೆಸರು ಮಾಡಿದ್ದ ಜಪಾನಿನ ಸೋಲಾರ್ ಫ್ರಾಂಟಿಯರ್ ಕೂಡ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು.

ನಮ್ಮ ದೇಶದ್ದೂ ಒಂದು ಉದಾಹರಣೆ ಉಂಟು, ಹೆಸರು ಕೇಳಿದರೆ ಸಿ.ಡಿ., ಡಿ.ವಿ.ಡಿ. ಅಂಗಡಿ ಇಟ್ಟವರಿಗೆಲ್ಲ ನೆನಪಾದೀತು: ಮೋಸರ್ ಬೇರ್. ಸಿ.ಡಿ. ವ್ಯಾಪಾರದ ದುಡ್ಡಿನಲ್ಲಿ ಸೋಲಾರಿಗೆ ಇಳಿದು, ಗ್ರೇಟರ್ ನೋಯ್ಡಾದಲ್ಲಿ ಅಮಾರ್ಫಸ್ ಸಿಲಿಕಾನ್ ಪ್ಯಾನೆಲ್ ತಯಾರಿಸಲು ಅಮೆರಿಕದ ಅಪ್ಲೈಡ್ ಮೆಟೀರಿಯಲ್ಸ್ ಕಂಪನಿಯ ಯಂತ್ರ ತರಿಸಿತು. ಆ ಯಂತ್ರ ಮಾರುವುದನ್ನು ಕಂಪನಿಯೇ 2010ರಲ್ಲಿ ನಿಲ್ಲಿಸಿತು. ಒಂದು ಕಡೆ ಪೆನ್ ಡ್ರೈವ್ ಬಂದು ಸಿ.ಡಿ. ವ್ಯಾಪಾರ ಮುಗಿಯಿತು, ಇನ್ನೊಂದು ಕಡೆ ಪ್ಯಾನೆಲ್ ರೇಟ್ ಬಿತ್ತು. 2018ರಲ್ಲಿ ಮೋಸರ್ ಬೇರ್ ಆಸ್ತಿ ಮಾರಿ ಸಾಲ ತೀರಿಸುವ ಆದೇಶಕ್ಕೆ ಬಂದು ನಿಂತಿತು.

ಇದರ ನಡುವೆ ಭಾರತದಲ್ಲಿ ಥಿನ್ ಫಿಲ್ಮ್ ಒಮ್ಮೆ ಜೋರಾಗಿ ಓಡಿದ ಕಾಲವೂ ಇತ್ತು. 2010ರ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್‌ನಲ್ಲಿ ಸ್ಫಟಿಕ ಸಿಲಿಕಾನ್ ಪ್ಯಾನೆಲ್ ಆದರೆ ಭಾರತದ್ದೇ ಆಗಬೇಕು ಎಂಬ ಷರತ್ತಿತ್ತು. ಥಿನ್ ಫಿಲ್ಮ್‌ಗೆ ಆ ಷರತ್ತು ಹಾಕಿರಲಿಲ್ಲ. ಹೊರಗಿನ ಮಾಲು, ಜೊತೆಗೆ ಅಮೆರಿಕದ ಎಕ್ಸಿಮ್ ಬ್ಯಾಂಕಿನ ಕಡಿಮೆ ಬಡ್ಡಿಯ ಸಾಲ. ಮಿಷನ್‌ನ ಮೊದಲ ಹಂತದ ಗುತ್ತಿಗೆದಾರರು ದೊಡ್ಡ ಸಂಖ್ಯೆಯಲ್ಲಿ ಆ ಕಡೆ ವಾಲಿದರು. ಆಗ ಥಿನ್ ಫಿಲ್ಮ್ ಓಡಿದ್ದು ಗುಣಕ್ಕಿಂತ ಹೆಚ್ಚಾಗಿ ನಿಯಮದ ಸಂದಿನಿಂದ.

ಈಗ ಉಳಿದಿರುವುದು ಯಾರು?

ಹೆಚ್ಚುಕಡಿಮೆ ಒಂದೇ ದೊಡ್ಡ ಕಂಪನಿ, ಒಂದೇ ಜಾತಿ. ಫಸ್ಟ್ ಸೋಲಾರ್, ಕ್ಯಾಡ್ಮಿಯಂ ಟೆಲ್ಯುರೈಡ್. 2024ರಲ್ಲಿ ಅದು ಮಾರಿದ್ದು ಸುಮಾರು 14 ಗಿಗಾವ್ಯಾಟ್. ಅದೇ ವರ್ಷ ಜಗತ್ತಿನಲ್ಲಿ ಹೊಸದಾಗಿ ಅಳವಡಿಸಿದ ಸೋಲಾರ್ 600 ಗಿಗಾವ್ಯಾಟ್ ಆಸುಪಾಸು. ನೂರರಲ್ಲಿ ಎರಡು ಮೂರು ಎಂದು ಇಟ್ಟುಕೊಳ್ಳಿ. ಕಂಪನಿ ಲಾಭದಲ್ಲೇ ಉಂಟು. ಅಮೆರಿಕ ಚೀನಾದ ಮಾಲಿನ ಮೇಲೆ ಹಾಕಿರುವ ಸುಂಕ, ಅಲ್ಲಿಯೇ ತಯಾರಿಸಿದರೆ ಕೊಡುವ ತೆರಿಗೆ ರಿಯಾಯಿತಿ, ಇವೆರಡೂ ಅದಕ್ಕೆ ಆಧಾರ.

ಈ ಕಂಪನಿಯ ಕಾರ್ಖಾನೆ ನಮ್ಮಿಂದ ತೀರಾ ದೂರದಲ್ಲೇನೂ ಇಲ್ಲ. ತಮಿಳುನಾಡಿನ ಶ್ರೀಪೆರಂಬದೂರು ಬಳಿ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 3.3 ಗಿಗಾವ್ಯಾಟ್ ತಯಾರಿಸುವ ಸಾಮರ್ಥ್ಯ. ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್. ಅಂಥದ್ದು ಒಂದೂವರೆ ಪಾರ್ಕಿಗೆ ಆಗುವಷ್ಟು ಪ್ಯಾನೆಲ್ ವರ್ಷವೊಂದರಲ್ಲಿ ಒಂದೇ ಕಾರ್ಖಾನೆಯಿಂದ ಹೊರಬೀಳಬಹುದು.

ಹಾಗಾದರೆ ಬಿ.ಸಿ.ರೋಡಿನ ಎಲೆಕ್ಟ್ರಿಕಲ್ ಅಂಗಡಿಗೆ ಯಾಕೆ ಬರುವುದಿಲ್ಲ? ಕಂಪನಿ ಚಿಲ್ಲರೆ ವ್ಯಾಪಾರವನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಅದರ ಗಿರಾಕಿ ಎಂದರೆ ನೂರಾರು ಎಕರೆಯಲ್ಲಿ ಮೆಗಾವ್ಯಾಟ್ ಲೆಕ್ಕದಲ್ಲಿ ಹಾಕುವವರು. ಪ್ಯಾನೆಲ್‌ನ ಗುಣವೂ ಅದಕ್ಕೆ ಒಗ್ಗಿದ್ದು. ಮಾಮೂಲಿ ದೊಡ್ಡ ಪ್ಯಾನೆಲ್ ಒಂದರ ವೋಲ್ಟೇಜ್ 50ರ ಆಸುಪಾಸು. ಇದರದ್ದು ಒಂದೇ ಪ್ಯಾನೆಲ್‌ಗೆ 200 ದಾಟುತ್ತದೆ, ಆಂಪಿಯರ್ ಮಾತ್ರ ಕಡಿಮೆ. ಮನೆ ಅಥವಾ ಅಂಗಡಿಯ ಸಾಮಾನ್ಯ 12 ವೋಲ್ಟ್, 24 ವೋಲ್ಟ್ ಸೋಲಾರ್ ಇನ್‌ವರ್ಟರಿಗೆ ಅದು ಕೂಡುವುದೇ ಇಲ್ಲ. ಹಳೆಯ ಪ್ಯಾನೆಲ್ ಸಾಲಿಗೆ ಇದನ್ನೊಂದು ಸೇರಿಸಿ ಕೆಲಸ ಸಾಗಿಸುವ ಮಾತೂ ಇಲ್ಲ. ಎಲ್ಲಿಂದಲೋ ಒಂದೆರಡು ಉಳಿಕೆ ಪ್ಯಾನೆಲ್ ಅಗ್ಗಕ್ಕೆ ಸಿಗುತ್ತದೆ ಎಂದು ತಂದವರಿಗೆ ಮೊದಲು ಎದುರಾಗುವ ತೊಂದರೆಯೇ ಇದು.

ನಮ್ಮ ಬಿಸಿಲು, ನಮ್ಮ ಆಟಿ

ಥಿನ್ ಫಿಲ್ಮ್ ಪರವಾಗಿ ಹೇಳುವ ಮಾತುಗಳಲ್ಲಿ ಸುಳ್ಳಲ್ಲದ್ದೂ ಕೆಲವುಂಟು. ಅವು ಕರಾವಳಿಯ ಹವೆಗೆ ಸಂಬಂಧಪಟ್ಟದ್ದೇ ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕು.

ಮೊದಲನೆಯದು ಬಿಸಿ. ಪ್ಯಾನೆಲ್‌ಗೆ ಬೆಳಕು ಬೇಕು, ಬಿಸಿ ಬೇಡ. ಲೇಬಲ್‌ನಲ್ಲಿ ಬರೆದ ವ್ಯಾಟ್ 25 ಡಿಗ್ರಿಯ ಲೆಕ್ಕ. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಮೇಲೆ ಪ್ಯಾನೆಲ್ 65 ಡಿಗ್ರಿಗೆ ಏರಿತು ಎಂದುಕೊಳ್ಳಿ, 40 ಡಿಗ್ರಿ ಹೆಚ್ಚು. ಹತ್ತು ವರ್ಷದ ಹಿಂದಿನ ನೀಲಿ ಬಣ್ಣದ ಪ್ಯಾನೆಲ್ ಡಿಗ್ರಿಗೆ ಶೇ. 0.4 ಕಳೆದುಕೊಳ್ಳುತ್ತಿತ್ತು, ಅಂದರೆ ಒಟ್ಟು ಶೇ. 16 ಖೋತಾ. ಕ್ಯಾಡ್ಮಿಯಂ ಟೆಲ್ಯುರೈಡ್ ಕಳೆದುಕೊಳ್ಳುವುದು ಡಿಗ್ರಿಗೆ 0.32, ಒಟ್ಟು 13ರ ಹತ್ತಿರ. ಅಲ್ಲಿಯವರೆಗೆ ಥಿನ್ ಫಿಲ್ಮ್ ಮುಂದೆ. ಆದರೆ ಈಗ ಅಂಗಡಿಗಳಲ್ಲಿ ಸಿಗುವ ಟಾಪ್‌ಕಾನ್ ಎಂಬ ಹೊಸ ಬಗೆಯ ಮಾಮೂಲಿ ಪ್ಯಾನೆಲ್ 0.3ಕ್ಕೆ ಇಳಿದಿದೆ. ಖೋತಾ 12. ಹಳೇ ಪುಸ್ತಕದ ಈ ಹೋಲಿಕೆಯನ್ನು ಈಗಲೂ ಹೇಳಿ ಮಾರುವವರು ಇರುತ್ತಾರೆ, ಅವರಿಗೆ ಲೆಕ್ಕ ತೋರಿಸಿ.

ಎರಡನೆಯದು ತೇವ. ನಮ್ಮ ಗಾಳಿಯಲ್ಲಿ ವರ್ಷದ ಹೆಚ್ಚಿನ ಸಮಯ ನೀರಿನ ಆವಿ ತುಂಬಿರುತ್ತದೆ. ಆವಿ ಹೀರುವುದು ಬಿಸಿಲಿನ ಕಣ್ಣಿಗೆ ಕಾಣದ ಕೆಂಪಿನಾಚೆಯ ಕಿರಣಗಳನ್ನು. ಸಿಲಿಕಾನ್ ಆ ಕಿರಣದ ಒಂದು ಭಾಗವನ್ನು ಬಳಸುತ್ತದೆ, ಹಾಗಾಗಿ ಅದಕ್ಕೆ ಸ್ವಲ್ಪ ನಷ್ಟ. ಕ್ಯಾಡ್ಮಿಯಂ ಟೆಲ್ಯುರೈಡ್ ಅದನ್ನು ಬಳಸುವುದೇ ಕಡಿಮೆ, ಹಾಗಾಗಿ ಕಳೆದುಕೊಳ್ಳುವುದೂ ಕಡಿಮೆ. ತೇವದ ಊರಿನಲ್ಲಿ ಇದು ನಿಜವಾದ ಅನುಕೂಲ, ಪ್ರಮಾಣ ಮಾತ್ರ ಸಣ್ಣದು.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಬುಡದ ಚಾರ್ಮಾಡಿ, ಮುಂಡಾಜೆ ಕಡೆ ದಿನಗಟ್ಟಲೆ ಬಿಸಿಲಿನ ಮುಖವೇ ಕಾಣುವುದಿಲ್ಲ. ಮೋಡದ ಬೆಳಕನ್ನು ಥಿನ್ ಫಿಲ್ಮ್ ಒಂದಿಷ್ಟು ಚೆನ್ನಾಗಿ ಬಳಸಿಕೊಳ್ಳುತ್ತದೆ ಎಂಬುದು ಸರಿ. ಕ್ಯಾಲ್ಕುಲೇಟರ್ ಟ್ಯೂಬ್‌ಲೈಟಿಗೂ ನಡೆಯುವುದು ಅದಕ್ಕೇ. ಆದರೆ ಆಕಾಶದಿಂದ ಬರುವ ಬೆಳಕೇ ಐದರಲ್ಲಿ ಒಂದು ಪಾಲಿಗೆ ಇಳಿದ ದಿನ, ಅದರಲ್ಲಿ ನೂರಕ್ಕೆ ಮೂರು ನಾಲ್ಕು ಹೆಚ್ಚು ಹಿಡಿದರೆ ಫ್ರೀಜರ್ ಓಡುವುದಿಲ್ಲ. ‘ಮಳೆಗಾಲದಲ್ಲೂ ಫುಲ್ ಕರೆಂಟ್’ ಕೊಡುವ ಪ್ಯಾನೆಲ್ ಯಾವ ಜಾತಿಯಲ್ಲೂ ಇಲ್ಲ. 1 ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಎಂದು ಹೇಳುವುದು ವರ್ಷದ ಸರಾಸರಿ. ಮಾರ್ಚ್‌ನ ಬಿಸಿಲು ಆಟಿಯ ಸಾಲ ತೀರಿಸಿ ಬರುವ ಲೆಕ್ಕ ಅದು.

ನೆರಳಿನ ವಿಷಯವೂ ಉಂಟು. ಮಾಮೂಲಿ ಪ್ಯಾನೆಲ್‌ನಲ್ಲಿ ಒಂದು ತೆಂಗಿನ ಗರಿಯ ನೆರಳು ಒಂದೇ ಬಿಲ್ಲೆಯನ್ನು ಮುಚ್ಚಿದರೂ ಪ್ಯಾನೆಲ್‌ನ ಮೂರನೇ ಒಂದು ಪಾಲು ಸುಮ್ಮನಾಗಬಹುದು. ಥಿನ್ ಫಿಲ್ಮ್‌ನ ಪಟ್ಟಿಗಳು ಉದ್ದುದ್ದ. ನೆರಳು ಅಡ್ಡಕ್ಕೆ ಬಿದ್ದರೆ ಪ್ರತಿ ಪಟ್ಟಿಯ ಚೂರು ಚೂರು ಮಾತ್ರ ಮುಚ್ಚುವುದರಿಂದ ನಷ್ಟ ನೆರಳಿನಷ್ಟೇ. ಅದೇ ನೆರಳು ಪಟ್ಟಿಯ ಉದ್ದಕ್ಕೆ ಬಿದ್ದರೆ ಲಾಭವೇನೂ ಇಲ್ಲ. ಸುತ್ತ ತೆಂಗು, ಅಡಿಕೆ, ಹಲಸು ಇರುವ ಕಡೆ ಪ್ಯಾನೆಲ್‌ನ ಜಾತಿ ನೋಡುವುದಕ್ಕಿಂತ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಾಡಿನ ಮೇಲೆ ನೆರಳು ಎಲ್ಲಿ ಓಡಾಡುತ್ತದೆ ಎಂದು ಒಂದು ದಿನ ಕೂತು ನೋಡುವುದೇ ಹೆಚ್ಚು ಉಪಯೋಗ.

ಜಾಗದ ಲೆಕ್ಕ

ಎಲ್ಲಕ್ಕಿಂತ ಗಟ್ಟಿ ವಾದ ಜಾಗದ್ದು. ಈಗಿನ ಒಳ್ಳೆಯ ಮಾಮೂಲಿ ಪ್ಯಾನೆಲ್ ಬಿದ್ದ ಬೆಳಕಿನಲ್ಲಿ ಶೇ. 22ರಷ್ಟನ್ನು ಕರೆಂಟ್ ಮಾಡುತ್ತದೆ. ಕ್ಯಾಡ್ಮಿಯಂ ಟೆಲ್ಯುರೈಡ್ ಶೇ. 19ರ ಹತ್ತಿರ. ಅಮಾರ್ಫಸ್ ಸಿಲಿಕಾನ್ 6ರಿಂದ 10. ಸಾಲದ್ದಕ್ಕೆ ಅಮಾರ್ಫಸ್ ಸಿಲಿಕಾನ್ ಬಿಸಿಲಿಗೆ ಇಟ್ಟ ಮೊದಲ ಕೆಲವು ತಿಂಗಳಲ್ಲೇ ತನ್ನ ಶಕ್ತಿಯ ಒಂದು ಭಾಗ ಕಳೆದುಕೊಂಡು ಆಮೇಲೆ ಸ್ಥಿರವಾಗುವ ಜಾತಿ.

3 ಕಿಲೋವ್ಯಾಟ್ ಹಾಕಬೇಕಾದರೆ ಪ್ಯಾನೆಲ್‌ಗೇ ಬೇಕಾಗುವ ಜಾಗ: ಮಾಮೂಲಿಯದ್ದಕ್ಕೆ ಸುಮಾರು 147 ಚದರ ಅಡಿ, ಕ್ಯಾಡ್ಮಿಯಂ ಟೆಲ್ಯುರೈಡ್‌ಗೆ 170, ಶೇ. 8ರ ಅಮಾರ್ಫಸ್‌ಗೆ 400 ದಾಟುತ್ತದೆ. ನಡೆದಾಡುವ, ತೊಳೆಯುವ ಜಾಗ ಬೇರೆ. ಪಾವಗಡದ ಬಯಲಿನಲ್ಲಿ 23 ಅಡಿ ಹೆಚ್ಚಾದರೆ ಯಾರಿಗೂ ಲೆಕ್ಕವಿಲ್ಲ. ಮೂಡುಬಿದಿರೆ ಪೇಟೆಯಲ್ಲಿ ಹತ್ತು ಅಡಿ ಅಗಲದ ಅಂಗಡಿ ಕೋಣೆ ಇರುವವರಿಗೆ ಅದೇ ದೊಡ್ಡದು. ಜಾಗ ಹೆಚ್ಚಾದಂತೆ ಕಬ್ಬಿಣದ ಚೌಕಟ್ಟು, ವಯರ್, ಕೂಲಿ ಎಲ್ಲವೂ ಹೆಚ್ಚು. ಪ್ಯಾನೆಲ್ ಅಗ್ಗವಾದಷ್ಟೂ ಈ ಉಳಿದ ಖರ್ಚೇ ಬಿಲ್ಲಿನಲ್ಲಿ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಕಡಿಮೆ ಜಾಗದಲ್ಲಿ ಹೆಚ್ಚು ಕೊಡುವ ಪ್ಯಾನೆಲ್‌ಗೇ ಮಾರುಕಟ್ಟೆ ಒಲಿದದ್ದು.

ಹಾಗಾದರೆ ಆ ‘ಮಡಚುವ ಪ್ಯಾನೆಲ್’ ಎಂತದ್ದು?

ಆನ್‌ಲೈನ್‌ನಲ್ಲಿ ಬಾಗುವ ಪ್ಯಾನೆಲ್ ಎಂದು ಮಾರುವುದರಲ್ಲಿ ಹೆಚ್ಚಿನದ್ದು ಥಿನ್ ಫಿಲ್ಮ್ ಅಲ್ಲವೇ ಅಲ್ಲ. ಅದೇ ಸಿಲಿಕಾನ್ ಬಿಲ್ಲೆಗಳನ್ನು ಗಾಜಿನ ಬದಲು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟದ್ದು. ಹತ್ತಿರದಿಂದ ನೋಡಿದರೆ ಬಿಲ್ಲೆಗಳ ಚೌಕ ಕಾಣುತ್ತದೆ. ಅಸಲಿ ಥಿನ್ ಫಿಲ್ಮ್‌ನಲ್ಲಿ ಚೌಕ ಇಲ್ಲ, ಒಂದೇ ಬಣ್ಣದ ಮೈ, ಅದರ ಮೇಲೆ ಎಳೆಯಂಥ ಗೆರೆಗಳು. ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ದೋಣಿ, ಟೆಂಪೋ, ಕ್ಯಾಂಪಿಂಗ್ ಗಾಡಿ ಇಂಥದ್ದಕ್ಕೆ ಬಾಗುವ ಪ್ಯಾನೆಲ್ ಸರಿ. ಅಂಗಡಿ ಮಾಡಿಗೆ ಹತ್ತಿಪ್ಪತ್ತು ವರ್ಷದ ಲೆಕ್ಕ ಹಾಕಿ ಕೊಳ್ಳುವ ವಸ್ತು ಅದಲ್ಲ. ಶೀಟಿಗೆ ನೇರ ಅಂಟಿಸಿದರೆ ಅಡಿಯಲ್ಲಿ ಗಾಳಿ ಆಡುವುದಿಲ್ಲ, ಬಿಸಿ ಇನ್ನಷ್ಟು ಏರುತ್ತದೆ. ಶೀಟಿನ ಏರುತಗ್ಗಿನಲ್ಲಿ ಬಿಲ್ಲೆ ಬಾಗಿ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ಗಾಜು ನೀರನ್ನು ತಡೆದಷ್ಟು ಪ್ಲಾಸ್ಟಿಕ್ ತಡೆಯುವುದಿಲ್ಲ, ವರ್ಷಕ್ಕೆ 4 ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ನಿಜವಾದ ಬಾಗುವ ಥಿನ್ ಫಿಲ್ಮ್ ಎಂದರೆ ಹೆಚ್ಚಾಗಿ ಸಿಗ್ಸ್, ಅದರ ದೊಡ್ಡ ದೌರ್ಬಲ್ಯವೂ ತೇವವೇ.

ಹಾಗಾಗಿ ಜಾಹೀರಾತಿನಲ್ಲಿ ‘25 ವರ್ಷ ಗ್ಯಾರಂಟಿ’ ಎಂದಿದ್ದರೆ ಎರಡು ಗ್ಯಾರಂಟಿಯನ್ನು ಬೇರೆ ಮಾಡಿ ಕೇಳಬೇಕು. ಪ್ಯಾನೆಲ್ ಒಡೆದರೆ, ಸೀಲ್ ಬಿಟ್ಟರೆ, ಒಳಗೆ ನೀರು ಹೋದರೆ ಬದಲಿಸಿ ಕೊಡುವ ಗ್ಯಾರಂಟಿ ಎಷ್ಟು ವರ್ಷ? ಕರೆಂಟ್ ಇಳಿಯದಂತೆ ಕೊಡುವ ಗ್ಯಾರಂಟಿ ಎಷ್ಟು ವರ್ಷ? ಮೊದಲನೆಯದು ಎರಡೇ ವರ್ಷವಾದರೆ ಎರಡನೆಯದು 25 ಇದ್ದರೂ ಕಾಗದದಲ್ಲಿ ಮಾತ್ರ. ಕಂಪನಿ ಬಾಗಿಲು ಹಾಕಿದರೆ ಗ್ಯಾರಂಟಿಯೂ ಅದರೊಟ್ಟಿಗೆ ಹೋಗುತ್ತದೆ. ಮೇಲೆ ಹೇಳಿದ ದಿವಾಳಿಗಳ ಪಟ್ಟಿ ಇದಕ್ಕಾಗಿಯೇ ನೆನಪಿನಲ್ಲಿರಬೇಕು.

ಸಬ್ಸಿಡಿ, ಮೆಸ್ಕಾಂ, ಪಟ್ಟಿ

ಮನೆ ಮತ್ತು ಅಂಗಡಿ ಒಂದೇ ಕಟ್ಟಡದಲ್ಲಿ ಇರುವವರು ನಮ್ಮಲ್ಲಿ ಬಹಳ. ಕೆಳಗೆ ಅಂಗಡಿ, ಮೇಲೆ ವಾಸ. ಮನೆಗೆ ಬೇರೆ ಮೀಟರ್ ಇದ್ದು ಸೂರ್ಯ ಘರ್‌ಗೆ ಅರ್ಜಿ ಹಾಕುವುದಾದರೆ ಪ್ಯಾನೆಲ್ ಮತ್ತು ಒಳಗಿನ ಸೆಲ್ ಎರಡೂ ಭಾರತದಲ್ಲೇ ತಯಾರಾದದ್ದು ಆಗಿರಬೇಕು, ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಅನುಮೋದಿತ ಪಟ್ಟಿಯಲ್ಲಿ ಆ ಮಾಡೆಲ್ ಇರಬೇಕು. ಪಟ್ಟಿಗೆ ಸೇರಲು ಕನಿಷ್ಠ ದಕ್ಷತೆಯ ಮಿತಿ ಉಂಟು. ಕ್ಯಾಡ್ಮಿಯಂ ಟೆಲ್ಯುರೈಡ್‌ಗೆ ಆ ಮಿತಿಯಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟಿದ್ದಾರೆ. ಶೇ. 8, 10ರ ಅಮಾರ್ಫಸ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆನ್‌ಲೈನಿನ ಹೆಸರಿಲ್ಲದ ಬಾಗುವ ಪ್ಯಾನೆಲ್ ಹಾಕಿ ಸಬ್ಸಿಡಿಗೆ ಕಾಯುವುದು ವ್ಯರ್ಥ.

ಸಬ್ಸಿಡಿ ಇಲ್ಲದ ಅಂಗಡಿಯವರಿಗೂ, ಲೈನಿಗೆ ಕರೆಂಟ್ ಬಿಟ್ಟು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ ಬೇಕಾದರೆ ಮೆಸ್ಕಾಂ ಒಪ್ಪಿಗೆ ಬೇಕು. ಪ್ಯಾನೆಲ್ ತರುವ ಮೊದಲೇ ಉಪವಿಭಾಗ ಕಚೇರಿಯಲ್ಲಿ ತಮ್ಮ ಸಂಪರ್ಕದ ವರ್ಗಕ್ಕೆ ಯಾವ ನಿಯಮ, ಎಷ್ಟು ಕಿಲೋವ್ಯಾಟ್‌ವರೆಗೆ, ಹೆಚ್ಚುವರಿ ಯೂನಿಟ್‌ಗೆ ಎಷ್ಟು ದರ ಎಂದು ಕೇಳಿಕೊಳ್ಳುವುದು ಸರಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ಹಳೇ ಕೊಟೇಶನ್ ಹಿಡಿದುಕೊಂಡವರು ಹೊಸದು ಕೇಳಿ. ಸಿಡಿಲಿನ ಊರು ನಮ್ಮದು. ಕೊಟೇಶನ್‌ನಲ್ಲಿ ಅರ್ತಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಬರೆದಿಲ್ಲವಾದರೆ ರೇಟ್ ಕಡಿಮೆ ಕಾಣುವುದಕ್ಕೆ ಅದೇ ಕಾರಣ ಇರಬಹುದು.

ಪ್ಯಾನೆಲ್‌ನ ಹಿಂದಿನ ಲೇಬಲ್ ಓದದೆ ದುಡ್ಡು ಕೊಡಬೇಡಿ. ತಯಾರಕರ ಹೆಸರು, ಮಾಡೆಲ್, ವ್ಯಾಟ್, ವೋಲ್ಟೇಜ್, ಬಿಐಎಸ್ ಗುರುತು ಅಲ್ಲಿ ಇರಬೇಕು. ಪ್ಯಾನೆಲ್‌ನ ಉದ್ದ ಅಗಲವನ್ನು ಟೇಪಿನಲ್ಲಿ ಅಳೆದು ಚದರ ಮೀಟರ್ ಮಾಡಿ, ವ್ಯಾಟನ್ನು ಅದರಿಂದ ಭಾಗಿಸಿ. ಚದರ ಮೀಟರ್‌ಗೆ 210ರಿಂದ 230 ಬಂದರೆ ಈಗಿನ ಕಾಲದ ಮಾಮೂಲಿ ಪ್ಯಾನೆಲ್. 190 ಬಂದರೆ ಹಳೇ ಮಾದರಿ ಅಥವಾ ಕ್ಯಾಡ್ಮಿಯಂ ಟೆಲ್ಯುರೈಡ್. 100ಕ್ಕಿಂತ ಕೆಳಗೆ ಬಂದರೆ ಅಮಾರ್ಫಸ್. 300 ಬಂದರೆ ಲೇಬಲ್ಲೇ ಸುಳ್ಳು.

ನಾಳೆಗೆ ಬದಲಾದೀತೇ?

ಬದಲಾದರೆ ಅದು ಪೆರೋವ್‌ಸ್ಕೈಟ್‌ನಿಂದ. ಇದನ್ನು ಒಂಟಿಯಾಗಿ ಬಳಸುವುದಕ್ಕಿಂತ ಮಾಮೂಲಿ ಸಿಲಿಕಾನ್ ಬಿಲ್ಲೆಯ ಮೇಲೆಯೇ ಲೇಪವಾಗಿ ಕೊಡುವುದು ಈಗಿನ ದಾರಿ. ಮೇಲಿನ ಲೇಪ ನೀಲಿ, ಹಸಿರು ಬೆಳಕು ಹಿಡಿಯುತ್ತದೆ, ಕೆಂಪು ಕೆಳಗಿನ ಸಿಲಿಕಾನ್‌ಗೆ. ಪ್ರಯೋಗಾಲಯದ ಸಣ್ಣ ತುಂಡಿನಲ್ಲಿ ಚೀನಾದ ಲಾಂಗಿ ಕಂಪನಿ ಶೇ. 34 ದಾಟಿಸಿದೆ. ಬ್ರಿಟನ್‌ನ ಆಕ್ಸ್‌ಫರ್ಡ್ ಪಿವಿ 2024ರ ಸೆಪ್ಟೆಂಬರ್‌ನಲ್ಲಿ ಶೇ. 24.5ರ ಪ್ಯಾನೆಲ್‌ಗಳ ಮೊದಲ ವಾಣಿಜ್ಯ ಕಂತನ್ನು ಅಮೆರಿಕಕ್ಕೆ ಕಳುಹಿಸಿತು. ನಮ್ಮಲ್ಲಿ ಐಐಟಿ ಬಾಂಬೆಯಲ್ಲಿ ಇದರ ಕೆಲಸ ನಡೆಯುತ್ತಿದೆ. ತೊಂದರೆ ಬಾಳಿಕೆಯದ್ದು. ಪೆರೋವ್‌ಸ್ಕೈಟ್‌ಗೆ ತೇವ ಮತ್ತು ಬಿಸಿ ಎರಡೂ ಆಗದು. ಕರಾವಳಿಯಲ್ಲಿ ಸಿಗುವುದು ಅವೆರಡೇ! ನಾಲ್ಕಾರು ಮಳೆಗಾಲ ದಾಟಿದ ಪ್ಯಾನೆಲ್‌ನ ಲೆಕ್ಕ ಬರುವವರೆಗೆ ಅಂಗಡಿಯವರು ಇದರ ಪರೀಕ್ಷೆಗೆ ದುಡ್ಡು ಹಾಕುವ ಅಗತ್ಯ ಇಲ್ಲ.

ಸೋಲಾರ್ ಈ ತಾಲೂಕುಗಳಿಗೆ ಹೊಸತೇನಲ್ಲ. 1995ರಲ್ಲಿ ಶುರುವಾದ ಸೆಲ್ಕೋ ಹಳ್ಳಿ ಮನೆಗಳಿಗೆ ಬ್ಯಾಂಕ್ ಸಾಲದ ಮೂಲಕ ಸೋಲಾರ್ ದೀಪ ಮುಟ್ಟಿಸಿತು. ಅದರ ಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1982ರಲ್ಲಿ ಬೆಳ್ತಂಗಡಿಯಿಂದ ಹೊರಟ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳ ಸಾಲದಲ್ಲೂ ಎಷ್ಟೋ ಮನೆಗೆ ಸೋಲಾರ್ ಬಂದಿದೆ. ಆ ಕಾಲದ ಪ್ಯಾನೆಲ್‌ಗಳಿಗೆ ಈಗ ವಯಸ್ಸಾಗುತ್ತಿದೆ, ಗುಜರಿಗೆ ಬರುವ ದಿನ ದೂರವಿಲ್ಲ.

ಗುಜರಿಯವರು ಗಮನಿಸಬೇಕಾದ ವಿಷಯ ಇಲ್ಲುಂಟು. ಮಾಮೂಲಿ ಪ್ಯಾನೆಲ್‌ನಲ್ಲಿ ಅಲ್ಯುಮಿನಿಯಂ, ತಾಮ್ರ, ಗಾಜು, ಚೂರು ಬೆಳ್ಳಿ, ಬೆಸುಗೆಯಲ್ಲಿ ಸೀಸ. ಕ್ಯಾಡ್ಮಿಯಂ ಟೆಲ್ಯುರೈಡ್ ಪ್ಯಾನೆಲ್‌ನಲ್ಲಿ ಹೆಸರೇ ಹೇಳುವ ಹಾಗೆ ಕ್ಯಾಡ್ಮಿಯಂ. ಪ್ರಮಾಣ ಕೆಲವೇ ಗ್ರಾಂ, ಎರಡು ಗಾಜಿನ ನಡುವೆ ಗಟ್ಟಿ ಸಂಯುಕ್ತವಾಗಿ ಕೂತಿರುವುದರಿಂದ ಮಾಡಿನ ಮೇಲೆ ಇರುವಷ್ಟು ಕಾಲ ಅಪಾಯ ಇಲ್ಲ. ಒಡೆದು ಪುಡಿ ಮಾಡಿ ಹಳ್ಳದ ಬದಿಗೆ ಎಸೆದರೆ ಅಥವಾ ಸುಟ್ಟರೆ ಮಾತು ಬೇರೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನೆಲ್‌ಗಳನ್ನೂ ಸೇರಿಸಿದ್ದಾರೆ. ತಯಾರಕರು 2034-35ರವರೆಗೆ ಹಳೆಯ ಪ್ಯಾನೆಲ್‌ಗಳನ್ನು ನಿಯಮದ ಪ್ರಕಾರ ದಾಸ್ತಾನು ಇಡಬೇಕು. ಹಾಗಾಗಿ ಕೊಳ್ಳುವಾಗಲೇ ಬಿಲ್ಲಿನಲ್ಲಿ ಕಂಪನಿಯ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಬರೆಸಿಕೊಂಡು, ಅಂಗಡಿಯ ಲೈಸೆನ್ಸ್ ಕಾಗದದ ಜೊತೆಗೇ ಇಟ್ಟುಕೊಳ್ಳಿ.